82 ಟೆಸ್ಟ್‌ನ ಫುಲ್ ಬಾಡಿ ಚೆಕಪ್ ಮಾಡ್ಸಿದ್ವಿ: ಸರ್ವೀಸ್‌ಗೆ 4 ಸ್ಟಾರ್, ಪ್ಯಾಕೇಜ್‌ಗೆ 2

ಅಮ್ಮಂಗೆ 61 ವರ್ಷ, ಬಿಪಿ ಮಾತ್ರೆ ಬಿಟ್ರೆ ಬೇರೇನೂ ತೊಂದ್ರೆ ಇಲ್ಲ, ಆದ್ರೂ ಒಂದ್ಸಲ ಎಲ್ಲಾ ನೋಡಿಸ್ಬಿಡೋಣ ಅಂತ ಆ್ಯಪ್‌ನಲ್ಲಿ ಒಂದು ಲ್ಯಾಬ್‌ನ ಪ್ಯಾಕೇಜ್ ಬುಕ್ ಮಾಡ್ದೆ. 4,999 ಅಂತ ಹಾಕಿ ಅದಕ್ಕೆ ಗೀಟು ಎಳೆದು ಪಕ್ಕದಲ್ಲಿ 1,499. ಆ ಗೀಟು ಎಳೆದ ಅಂಕಿ ಇಲ್ದಿದ್ರೆ 1,499 ದುಬಾರಿ ಅಂತಾನೇ ಅನ್ಸೋದು. ಮೊದ್ಲು ಕಣ್ಣಿಗೆ ಬಿದ್ದ ನಂಬರ್‌ಗೇ ಮನಸ್ಸು ಅಂಟ್ಕೊಳ್ಳತ್ತೆ, ಆ್ಯಂಕರಿಂಗ್ ಅಂತಾರೆ, ಟ್ವೆರ್ಸ್ಕಿ ಮತ್ತೆ ಕಾನಮನ್ ಅನ್ನೋ ಮನಶ್ಶಾಸ್ತ್ರಜ್ಞರು 1974ರಲ್ಲೇ ಇದರ ಬಗ್ಗೆ ಬರೆದಿದ್ರು.

ಬೆಳಿಗ್ಗೆ 6:30ಕ್ಕೆ ಹೇಳಿದ ಟೈಮ್‌ಗೆ ಹುಡುಗ ಬಂದ, ಅಮ್ಮನ ನರ ಸಿಗೋದು ಕಷ್ಟ, ಆದ್ರೂ ಒಂದೇ ಸಲಕ್ಕೆ ನೋವಾಗ್ದಂಗೆ ರಕ್ತ ತಗೊಂಡ. ಸಂಜೆಗೇ ರಿಪೋರ್ಟ್. ಇಷ್ಟಕ್ಕೆ ಪೂರ್ತಿ ಮಾರ್ಕ್ಸ್.

ಆದ್ರೆ 82 ಅನ್ನೋದು ಲೆಕ್ಕದ ಆಟ. ರಕ್ತಕಣಗಳನ್ನ ಎಣಿಸೋ ಸಿಬಿಸಿ ಅನ್ನೋ ಒಂದೇ ಟೆಸ್ಟ್‌ನ ಒಂದೊಂದು ಸಾಲನ್ನೂ ಬೇರೆ ಟೆಸ್ಟ್ ಅಂತ ಎಣಿಸಿದ್ದಾರೆ, ಎಲ್‌ಡಿಎಲ್, ಎಚ್‌ಡಿಎಲ್ ಅನ್ನೋ ಎರಡು ಕೊಲೆಸ್ಟ್ರಾಲ್ ಅಂಕಿನ ಭಾಗಿಸಿ ಬಂದಿದ್ದೂ ಒಂದು ಟೆಸ್ಟಂತೆ!

ರಿಪೋರ್ಟ್‌ನಲ್ಲಿ ಮೂರು ಕಡೆ ಕೆಂಪು. ಒಂದು ಎಂಸಿಎಚ್‌ಸಿ, ಅಂದ್ರೆ ಕೆಂಪು ರಕ್ತಕಣದಲ್ಲಿ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಅನ್ನೋ ಅಂಕಿ: 31.2, ಕಮ್ಮಿ ಅಂದ್ರೂ ಇರ್ಬೇಕಾದ್ದು 31.5. ಅಮ್ಮ ಆವತ್ತು ರಾತ್ರಿ ಸರಿಯಾಗಿ ಊಟನೇ ಮಾಡ್ಲಿಲ್ಲ. ಮಾರನೇ ದಿನ ಲ್ಯಾಬ್‌ನೋರು ಫೋನ್ ಮಾಡಿ ಇನ್ನೊಂದು ಪ್ಯಾಕೇಜ್ ಮಾಡ್ಸಿ ಅಂದ್ರು, ನನಗೆ ನಿಜವಾಗ್ಲೂ ಸಿಟ್ಟು ಬಂತು. ನಾರ್ಮಲ್ ರೇಂಜ್ ಅನ್ನೋದನ್ನ ಸಾಮಾನ್ಯವಾಗಿ ಆರೋಗ್ಯವಾಗಿರೋ 100 ಜನರಲ್ಲಿ 95 ಜನ ಒಳಗೆ ಬರೋ ಹಾಗೆ ಇಡ್ತಾರೆ, ಅಂದ್ರೆ ಏನೂ ಕಾಯಿಲೆ ಇಲ್ದೇ ಇದ್ರೂ ಐದು ಜನ ಹೊರಗೇ. ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡ್ಸಿದ್ರೆ ಆರೋಗ್ಯವಾಗಿರೋ 100ರಲ್ಲಿ ಸುಮಾರು 64 ಜನಕ್ಕೆ ಒಂದಾದ್ರೂ ಕೆಂಪು ಬರತ್ತೆ, ಇನ್ನು 82 ಅಂದ್ರೆ ಕೇಳ್ಬೇಕಾ.

ನಮ್ಮ ಡಾಕ್ಟ್ರು ಆ ಕೆಂಪು ನೋಡಿ "ಹಿಮೋಗ್ಲೋಬಿನ್ ಚೆನ್ನಾಗಿದ್ಯಲ್ಲಮ್ಮ, ಇದನ್ನ ಬಿಡಿ" ಅಂದು ನಾಲ್ಕನೇ ಪುಟದಲ್ಲಿ ಬೆರಳಿಟ್ರು. ಎಚ್‌ಬಿಎ1ಸಿ, ಅಂದ್ರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್, 6.1. ಕಪ್ಪು ಅಕ್ಷರದಲ್ಲೇ ಇತ್ತು, 5.7ರಿಂದ 6.4 ಪ್ರೀಡಯಾಬಿಟಿಸ್ (ಶುಗರ್ ಕಾಯಿಲೆಯ ಹಿಂದಿನ ಹಂತ) ಅಂತ ಕೆಳಗೆ ಸಣ್ಣದಾಗಿ ಬರೆದಿದ್ರು ಅಷ್ಟೇ. ಕೆಂಪಿನ ಹಿಂದೆ ಬಿದ್ದು ನಾವು ಮೂರು ಜನ ಓದಿದೋರೂ ಇದನ್ನ ನೋಡೇ ಇರ್ಲಿಲ್ಲ.

ಹಾಗಾಗಿ ಬುಕ್ ಮಾಡೋಕ್ ಮುಂಚೆ ನಿಮ್ಮ ಡಾಕ್ಟ್ರನ್ನ ಒಂದ್ಮಾತು ಕೇಳಿ. 30 ದಾಟಿದೋರಿಗೆ ಬಿಪಿ, ಶುಗರ್ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ಫ್ರೀಯಾಗಿ ನೋಡ್ತಾರೆ. ಅಮ್ಮ ಈಗ ರಾತ್ರಿ ಊಟ ಆದ್ಮೇಲೆ ಅರ್ಧ ಗಂಟೆ ನಡೀತಾರೆ, ಮೂರು ತಿಂಗಳಿಗೆ ಎಚ್‌ಬಿಎ1ಸಿ ಒಂದನ್ನೇ ಮಾಡಿಸ್ತೀವಿ.