ಹಳೇ ಜಿಪ್ಸಿಗೆ ಹಳೇ ದಮ್ಮು: ಎಮಿಷನ್ ಮಿತಿಯೊಳಗೇ ಎಂಜಿನ್ ಸರಿಮಾಡಿಕೊಳ್ಳುವುದು

ಗಾಡಿ: ಮಾರುತಿ ಜಿಪ್ಸಿ ಕಿಂಗ್ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಇರುವುದು), ಬಿಎಸ್-3 (ಭಾರತ್ ಸ್ಟೇಜ್ ಎಮಿಷನ್ ಮಟ್ಟ). ಜಿ13ಬಿಬಿ ಎಂಜಿನ್, 1298 ಸಿಸಿ, 16 ವಾಲ್ವ್.
ಬಳಕೆ: ಮಲೆನಾಡಿನ ತೋಟದ ದಾರಿ, ಘಾಟಿ, ಆಗೊಮ್ಮೆ ಈಗೊಮ್ಮೆ ಹೆದ್ದಾರಿ.

"ಪಿಕಪ್ ಸತ್ತಿದೆ" ಎಂದು ಹಳೇ ಜಿಪ್ಸಿ ತಗೊಂಡು ಹೋದರೆ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ: ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಪೈಪಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬ) ಕಿತ್ತುಬಿಡಿ, ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿ, ಕೋನ್ ಫಿಲ್ಟರ್ ಕೂರಿಸಿ. ಎಲ್ಲಾ ದುಡ್ಡು ದಂಡ. ಈ ಎಂಜಿನ್ ಹೊಸದರಲ್ಲಿ ಕೊಡುತ್ತಿದ್ದುದು 6000 ಆರ್‌ಪಿಎಂನಲ್ಲಿ 80 ಬಿಎಚ್‌ಪಿ, 4500ರಲ್ಲಿ 103 ನ್ಯೂಟನ್ ಮೀಟರ್ ಟಾರ್ಕ್. ಹದಿನೈದು ವರ್ಷ ದಾಟಿದ ಗಾಡಿಯಲ್ಲಿ ಅಷ್ಟು ಉಳಿದಿರುವುದಿಲ್ಲ. ಕಳೆದದ್ದು ಎಲ್ಲಿ ಹೋಯಿತು ಎಂದು ಹುಡುಕಿದರೆ, ಎಮಿಷನ್ ಟೆಸ್ಟಿನಲ್ಲಿ ಫೇಲ್ ಮಾಡಿಸುವ ದೋಷಗಳೇ ಪಿಕಪ್ಪನ್ನೂ ತಿಂದಿರುತ್ತವೆ. ಅವನ್ನು ಸರಿಮಾಡಿದರೆ ಎರಡೂ ಒಟ್ಟಿಗೇ ಬಗೆಹರಿಯುತ್ತವೆ.

ಮೊದಲು ನಿಮ್ಮ ಆರ್‌ಸಿಯಲ್ಲಿ ಯಾವ ಬಿಎಸ್ ಎಂದು ನೋಡಿಕೊಳ್ಳಿ. ಬಿಎಸ್-4 ಬೆಂಗಳೂರು ಸೇರಿ 13 ನಗರಗಳಿಗೆ 2010ರಲ್ಲಿ ಬಂತು, ಇಡೀ ದೇಶಕ್ಕೆ 2017ರಲ್ಲಿ. ಹೀಗಾಗಿ ಒಂದೇ ವರ್ಷದ ಎರಡು ಗಾಡಿಗಳಿಗೆ ಬೇರೆ ಬೇರೆ ಮಿತಿ ಇರಬಹುದು. ಬಿಎಸ್-2 ಮತ್ತು 3 ಪೆಟ್ರೋಲ್ ಗಾಡಿಗೆ ಸ್ಲೋನಲ್ಲಿ (ಗಾಡಿ ನಿಂತು, ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಕಾರ್ಬನ್ ಮಾನಾಕ್ಸೈಡ್ 0.5 ಶೇಕಡಾ, ಹೈಡ್ರೋಕಾರ್ಬನ್ 750 ಪಿಪಿಎಂ. ಬಿಎಸ್-4ಕ್ಕೆ 0.3 ಮತ್ತು 200. ಬಿಎಸ್-4ಕ್ಕೆ ಅದರ ಮೇಲೆ 2500 ಆರ್‌ಪಿಎಂನಲ್ಲಿ ಇನ್ನೊಂದು ಪರೀಕ್ಷೆ, ಅಲ್ಲಿ ಮಾನಾಕ್ಸೈಡ್ 0.2, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಳತೆ, ಸರಿಯಾಗಿದ್ದರೆ 1) 0.97ರಿಂದ 1.03ರ ಒಳಗೆ. ರಿಪೋರ್ಟನ್ನು ಪಾಸೋ ಫೇಲೋ ಎಂದಷ್ಟೇ ನೋಡಿ ಎಸೆಯಬೇಡಿ. ಮಾನಾಕ್ಸೈಡ್ ಮಾತ್ರ ಜಾಸ್ತಿ ಇದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಹೈಡ್ರೋಕಾರ್ಬನ್ ಮಾತ್ರ ಜಾಸ್ತಿ ಇದ್ದರೆ ಪೆಟ್ರೋಲ್ ಸುಡದೇ ಆಚೆ ಬರುತ್ತಿದೆ, ಅಂದರೆ ಪ್ಲಗ್, ಕಾಯಿಲ್ ಅಥವಾ ವಾಲ್ವ್. ಲ್ಯಾಂಬ್ಡಾ 1.03 ದಾಟಿದ್ದರೆ ಸೈಲೆನ್ಸರ್ ಪೈಪು ಎಲ್ಲೋ ಸೋರುತ್ತಿದೆ ಅಥವಾ ಮಿಶ್ರಣವೇ ತೆಳುವಾಗಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ.

ಮೊದಲ ಅನುಮಾನ ಥರ್ಮೋಸ್ಟಾಟ್ ಮೇಲಿರಲಿ, ಅಂದರೆ ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್. ಬಿಸಿಯಾಗುತ್ತದೆ ಎಂಬ ಹೆದರಿಕೆಗೆ ಅದನ್ನು ಕಿತ್ತು ಬರೀ ಹೌಸಿಂಗ್ ಮುಚ್ಚಿಟ್ಟ ಗಾಡಿಗಳು ನಮ್ಮಲ್ಲಿ ತುಂಬಾ ಇವೆ. ಮಲೆನಾಡಿನ ಚಳಿಗೆ, ಮಳೆಗೆ ಆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ನೀರಿನ ಸೆನ್ಸರ್ "ಇನ್ನೂ ತಣ್ಣಗಿದೆ" ಎನ್ನುತ್ತದೆ, ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಿನಂತೆಯೇ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಹೋಯಿತು, ಪ್ಲಗ್ ಕಪ್ಪಾಯಿತು, ಮಾನಾಕ್ಸೈಡ್ ಏರಿತು. ಪತ್ತೆ ಸುಲಭ: ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ಥರ್ಮೋಸ್ಟಾಟ್ ಇದ್ದರೆ ಹೋಸ್ ಕೆಲವು ನಿಮಿಷ ತಣ್ಣಗೇ ಇದ್ದು ಒಮ್ಮೆಲೇ ಕಾಯುತ್ತದೆ. ಇಲ್ಲದಿದ್ದರೆ ಶುರುವಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಹೋಗುತ್ತದೆ. ಕಂಪನಿಯದೇ ಥರ್ಮೋಸ್ಟಾಟ್, ಹೊಸ ಗ್ಯಾಸ್ಕೆಟ್ ಹಾಕಿಸಿ. ಗಾಡಿ ನಿಜವಾಗಿಯೂ ಬಿಸಿಯಾಗುತ್ತಿದ್ದರೆ ತಪ್ಪಿರುವುದು ಕಟ್ಟಿಕೊಂಡ ರೇಡಿಯೇಟರ್ ಅಥವಾ ಸುಸ್ತಾದ ಫ್ಯಾನ್.

ಎರಡನೆಯದು ಆಕ್ಸಿಜನ್ ಸೆನ್ಸರ್, ಎಕ್ಸಾಸ್ಟಿನಲ್ಲಿ ಉಳಿದ ಆಮ್ಲಜನಕ ನೋಡಿ ಇಸಿಯುಗೆ ಹೇಳುವುದು. ಎಂಜಿನ್ ಕಾದ ಮೇಲೆ 2500 ಆರ್‌ಪಿಎಂನಲ್ಲಿ ಹಿಡಿದು ಅದರ ಸಿಗ್ನಲ್ ತಂತಿಗೆ ಡಿಜಿಟಲ್ ಮೀಟರ್ ಕೊಡಿ. ಒಳ್ಳೆಯ ಸೆನ್ಸರ್ 0.1 ಮತ್ತು 0.9 ವೋಲ್ಟಿನ ನಡುವೆ ಬಿಡುವಿಲ್ಲದೆ ಮೇಲೆ ಕೆಳಗೆ ಓಡುತ್ತದೆ. ಮುದಿಯಾದದ್ದು ನಿಧಾನಕ್ಕೆ ತೂಗುತ್ತದೆ, ಇಲ್ಲವೇ 0.4ರ ಸುತ್ತ ನಿಂತುಬಿಡುತ್ತದೆ. ಹೊಸದು ಕೊಳ್ಳುವ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ನೋಡಿ. ಸೆನ್ಸರಿಗಿಂತ ಮುಂಚೆ ಸಣ್ಣ ಸೋರಿಕೆ ಇದ್ದರೂ ಅಲ್ಲಿಂದ ಹೊರಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಅದನ್ನು ಕಂಡು ಮಿಶ್ರಣ ತೆಳು ಎಂದು ವರದಿ ಮಾಡುತ್ತದೆ, ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ಸೆನ್ಸರಿನ ತಪ್ಪೇ ಇಲ್ಲದೆ ಸೆನ್ಸರ್ ಬದಲಾಗುವುದು ಹೀಗೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಆದಾಗ ಟಿಕ್ ಟಿಕ್ ಸದ್ದು ಬಂದು, ಕಾದ ಮೇಲೆ ನಿಂತರೆ ಸೋರಿಕೆ ಅಲ್ಲೇ ಇದೆ.

ಇಗ್ನಿಷನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಲ್ಲ, ಕಿಡಿಯ ಕರೆಂಟ್ ಕೊಡುವ ಎರಡು ಕಾಯಿಲ್ ನಾಲ್ಕು ಸಿಲಿಂಡರ್ ನೋಡಿಕೊಳ್ಳುತ್ತವೆ. ಒಂದು ಕಾಯಿಲ್ ಸೋತರೆ ಎರಡು ಸಿಲಿಂಡರ್ ಒಟ್ಟಿಗೆ ತಪ್ಪುತ್ತವೆ. ಒಂದೇ ಸಿಲಿಂಡರ್ ತಪ್ಪುತ್ತಿದ್ದರೆ ಪ್ಲಗ್ ಅಥವಾ ಪ್ಲಗ್ ತಂತಿ. ಪ್ಲಗ್ ಗ್ಯಾಪ್ 1.0ರಿಂದ 1.1 ಮಿ.ಮೀ. ಪ್ಲಗ್ ಬಾವಿಯಲ್ಲಿ ಎಣ್ಣೆ ನಿಂತಿದ್ದರೆ ವಾಲ್ವ್ ಕವರಿನ ಸೀಲ್ ಹೋಗಿದೆ. ಅದನ್ನು ಬಿಟ್ಟು ಬರೀ ಪ್ಲಗ್ ಬದಲಿಸಿದರೆ ಅದೇ ತೊಂದರೆ ಮತ್ತೆ ಬರುತ್ತದೆ.

ವ್ಯಾಕ್ಯೂಮ್ ಹೋಸ್‌ಗಳ ವಿಷಯದಲ್ಲಿ ಈ ಎಂಜಿನ್ ಸ್ವಲ್ಪ ಬೇರೆ. ಇಲ್ಲಿ ಗಾಳಿಯನ್ನು ನೇರ ಅಳೆಯುವ ಮೀಟರ್ ಇಲ್ಲ, ಮ್ಯಾನಿಫೋಲ್ಡಿನ ಒತ್ತಡ ನೋಡಿ ಲೆಕ್ಕ ಹಾಕುವ ಮ್ಯಾಪ್ ಸೆನ್ಸರ್ ಇದೆ. ಹೋಸ್ ಬಿರುಕು ಬಿಟ್ಟರೆ ಒತ್ತಡ ಏರುತ್ತದೆ, ಪೆಟ್ರೋಲೂ ಏರುತ್ತದೆ, ಗಾಡಿ ಸುಮ್ಮನೆ ನಿಂತಲ್ಲೇ 1200ರಲ್ಲಿ ಕೂಗುತ್ತಿರುತ್ತದೆ. ಆಗ ಸ್ಲೋ ಸ್ಕ್ರೂ ತಿರುಗಿಸಿ ಕಡಿಮೆ ಮಾಡಿಸಿದರೆ ರೋಗ ಹಾಗೇ ಉಳಿಯುತ್ತದೆ. ಮ್ಯಾಪ್ ಸೆನ್ಸರಿನ ಹೋಸ್, ಬ್ರೇಕ್ ಬೂಸ್ಟರಿನ ಹೋಸ್, ಎಂಜಿನ್ನಿನೊಳಗಿನ ಹೊಗೆಯನ್ನು ವಾಪಸ್ ಎಳೆಯುವ ಪಿಸಿವಿ ಹೋಸ್ ಒಂದೊಂದಾಗಿ ಬಗ್ಗಿಸಿ ನೋಡಿ. ಬಿರುಕು ಹೆಚ್ಚಾಗಿ ಕ್ಲಿಪ್ಪಿನ ಕೆಳಗೇ ಅಡಗಿರುತ್ತದೆ. ಅದೇ ಸಮಯಕ್ಕೆ ಥ್ರಾಟಲ್ ಬಾಡಿ, ಸ್ಲೋ ನೋಡಿಕೊಳ್ಳುವ ಐಎಸಿ ವಾಲ್ವ್ ಎರಡನ್ನೂ ಕ್ಲೀನರ್ ಹಾಕಿ ತೊಳೆದುಬಿಡಿ.

ಇಷ್ಟಾದರೂ ಎಳೆಯದಿದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ಅಳೆಯಿಸಿ. ನಾಲ್ಕೂ ಪ್ಲಗ್ ತೆಗೆದು, ಇಂಜೆಕ್ಟರ್ ಕನೆಕ್ಟರ್ ಬಿಡಿಸಿ, ಕಾಯಿಲ್ ಕನೆಕ್ಟರೂ ಬಿಡಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಏರಿದರೆ ತಪ್ಪು ಪಿಸ್ಟನ್ ರಿಂಗಿನದು, ಏರದಿದ್ದರೆ ವಾಲ್ವಿನದು. ನಾಲ್ಕೂ ಸಿಲಿಂಡರ್ ಸಮನಾಗಿ ಕಡಿಮೆ ಇದ್ದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ಜಾರಿದೆಯೇ ಎಂದು ಗುರುತು ನೋಡಿ, ಆಮೇಲೆ ಎಂಜಿನ್ ಬಿಚ್ಚುವ ಮಾತು.

ಇನ್ನು ಕನ್ವರ್ಟರ್. ಅದು ಗಾಡಿಯನ್ನು ಹಿಡಿದು ನಿಲ್ಲಿಸುವುದು ಕಟ್ಟಿಕೊಂಡಾಗ ಮಾತ್ರ. ಆಕ್ಸಿಜನ್ ಸೆನ್ಸರ್ ತೆಗೆದ ತೂತಿಗೆ ಪ್ರೆಶರ್ ಗೇಜ್ ಹಾಕಿ 2500 ಆರ್‌ಪಿಎಂ ಕೊಡಿ. 3 ಪಿಎಸ್‌ಐ ದಾಟಿದರೆ ಒಳಗಿನ ಜೇನುಗೂಡು ಕರಗಿದೆ ಅಥವಾ ಮುಚ್ಚಿದೆ. ಅಷ್ಟಿಲ್ಲದಿದ್ದರೆ ಅದನ್ನು ಕಿತ್ತು ಸಿಗುವುದು ಸದ್ದು ಮಾತ್ರ, ಮಾನಾಕ್ಸೈಡ್ 0.5ರೊಳಗೆ ನಿಲ್ಲಿಸುವುದೂ ಕಷ್ಟ. ಹೊಸ ಕನ್ವರ್ಟರ್ ಹಾಕುವ ಮೊದಲು ಹಳೆಯದು ಯಾಕೆ ಸತ್ತಿತು ಎಂದು ತಿಳಿದಿರಬೇಕು. ಮಿಸ್‌ಫೈರ್ ಆಗುತ್ತಿರುವ ಅಥವಾ ಆಯಿಲ್ ಸುಡುವ ಎಂಜಿನ್ನಿಗೆ ಹಾಕಿದರೆ ಹೊಸದೂ ಬೇಗ ಕರಗುತ್ತದೆ. ಟೆಸ್ಟಿಗೆ ಹೋಗುವಾಗ ಹದಿನೈದಿಪ್ಪತ್ತು ನಿಮಿಷ ಓಡಿಸಿ ನೇರ ಹೋಗಿ. ಸರದಿಯಲ್ಲಿ ಎಂಜಿನ್ ಆಫ್ ಮಾಡಿ ಅರ್ಧ ಗಂಟೆ ಕಾದರೆ ಕನ್ವರ್ಟರ್ ತಣ್ಣಗಾಗಿ ಒಳ್ಳೆಯ ಗಾಡಿಯೂ ಫೇಲ್ ಆಗುತ್ತದೆ.

ಎಂಜಿನ್ನಿನ ಮೇಲೆ ಹಾಕುವ ಎಷ್ಟೋ ತಪ್ಪುಗಳು ಟೈರಿನವು. ಕಂಪನಿಯ 205/70 ಆರ್15 ಟೈರಿನ ವ್ಯಾಸ 668 ಮಿ.ಮೀ. ಚೆಂದ ಕಾಣಲೆಂದು ಹಾಕುವ 235/75 ಆರ್15 ಸುಮಾರು 733. ಹತ್ತು ಶೇಕಡಾ ದೊಡ್ಡದು, ಅಂದರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಸಿಗುವ ಎಳೆತ ಅಷ್ಟೇ ಕಡಿಮೆ. ಚಕ್ರದ ತೂಕ ಬೇರೆ. 80 ಬಿಎಚ್‌ಪಿ ಗಾಡಿಯಲ್ಲಿ ಇದನ್ನು ಯಾವ ಸೈಲೆನ್ಸರೂ ತುಂಬಿಕೊಡುವುದಿಲ್ಲ. ಕೆಸರಿಗೆ ಹಿಡಿತ ಬೇಕಿದ್ದರೆ ಅದೇ ಅಳತೆಯಲ್ಲಿ ಮಡ್ ಟೈರ್ ಸಾಕು. ಸ್ಪೀಡೋಮೀಟರೂ ಸುಳ್ಳು ಹೇಳುವುದರಿಂದ "ಮೈಲೇಜ್ ಬಿತ್ತು" ಎಂಬ ಲೆಕ್ಕವೂ ತಪ್ಪಿರುತ್ತದೆ.

ಓಡಿಸುವ ಕ್ರಮದ ಮಾತೂ ಇದೆ. ಆರ್‌ಪಿಎಂ ಏರಿದ ಮೇಲೆಯೇ ಎಳೆಯುವ ಎಂಜಿನ್ ಇದು. 2500ಕ್ಕಿಂತ ಕೆಳಗೆ ಮೂರನೇ ಗೇರಿನಲ್ಲಿ ಘಾಟಿ ಹತ್ತಿಸಿದರೆ ಕಟಕಟ ಎನ್ನುತ್ತದೆ. ಕಲ್ಲಿನ ಏರಿಗೆ ಲೋ ರೇಂಜ್ (ಫೋರ್ ವೀಲ್ ಡ್ರೈವಿನ ಲೋ ಗೇರ್) ಹಾಕಿ, ಕ್ಲಚ್ಚನ್ನು ಸುಡಬೇಡಿ. ಇನ್ನು ಮುಳ್ಳಯ್ಯನಗಿರಿಯ ತುದಿ 1930 ಮೀಟರಿಗೆ ಹತ್ತಿರ. ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 20 ಶೇಕಡಾ ಕಡಿಮೆ, ಶಕ್ತಿಯೂ ಸರಿಸುಮಾರು ಅಷ್ಟೇ ಇಳಿಯುತ್ತದೆ. ಎಂಪಿಎಫ್‌ಐನಲ್ಲಿ ಮ್ಯಾಪ್ ಸೆನ್ಸರ್ ಪೆಟ್ರೋಲನ್ನು ಅದಕ್ಕೆ ತಕ್ಕಂತೆ ಇಳಿಸುತ್ತದೆ. ಹಳೇ ಕಾರ್ಬ್ಯುರೇಟರ್ ಜಿಪ್ಸಿ ಹಾಗೆ ಇಳಿಸಲಾರದೆ ಕಪ್ಪು ಹೊಗೆ ಬಿಡುತ್ತದೆ. ಮೇಲೆ ಹೋದಾಗ ಎಳೆಯಲಿಲ್ಲ ಎಂದು ಕೆಳಗೆ ಬಂದು ಕಾರ್ಬ್ಯುರೇಟರಿನ ಪೆಟ್ರೋಲ್ ಜೆಟ್ ಬದಲಿಸುವ ಅಗತ್ಯವಿಲ್ಲ.

ಎಂಜಿನ್ ಬದಲಾವಣೆ ಬೇಕೆನ್ನುವವರಿಗೆ ಒಂದು ಎಚ್ಚರಿಕೆ. ಎಸ್ಟೀಮ್ ಎಂಪಿಎಫ್‌ಐನದೂ ಜಿ13ಬಿಬಿಯೇ, ಹೆಡ್ ಕೆಲಸದ ಬಿಡಿಭಾಗಕ್ಕೆ ಅನುಕೂಲ. ಆದರೆ ಅಲ್ಲಿ ಎಂಜಿನ್ ಅಡ್ಡ, ಇಲ್ಲಿ ಉದ್ದ. ಸಂಪ್, ಮೌಂಟ್, ಮ್ಯಾನಿಫೋಲ್ಡ್ ನಿಮ್ಮ ಹಳೆಯವನ್ನೇ ಸಾಗಿಸಬೇಕು. ಆರ್‌ಟಿಒ ಅನುಮತಿ ಪಡೆದು ಎಂಜಿನ್ ನಂಬರ್ ಆರ್‌ಸಿಗೆ ಏರಿಸದಿದ್ದರೆ ಹದಿನೈದು ವರ್ಷದ ನಂತರದ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಅಲ್ಲೇ ನಿಲ್ಲುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದಕ್ಕೇ ಇರುವುದು. ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಬೀಳಬಹುದು.

ಕೊನೆಗೆ ಇ20 ಪೆಟ್ರೋಲ್, ಅಂದರೆ 20 ಶೇಕಡಾ ಎಥನಾಲ್ ಬೆರೆಸಿದ್ದು. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಮೈಲೇಜ್ ಆರೇಳು ಶೇಕಡಾ ಇಳಿಯುವುದು ಸಹಜ. ಮಾಮೂಲಿ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಮಿಶ್ರಣ ಸರಿಪಡಿಸಿಕೊಳ್ಳುತ್ತದೆ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಅದರ ಮಾತು ನಡೆಯುವುದಿಲ್ಲ, ಮಿಶ್ರಣ ತುಸು ತೆಳುವಾಗುತ್ತದೆ. ಘಾಟಿಯಲ್ಲಿ ಭಾರ ಹೊತ್ತು ಹತ್ತುವಾಗ ನಾಕಿಂಗ್ (ಎಂಜಿನ್ನಿನ ಕಟಕಟ ಸದ್ದು) ಕೇಳಿದರೆ ಗೇರ್ ಇಳಿಸಿ. ಎಥನಾಲ್ ಟ್ಯಾಂಕಿನ ಹಳೇ ಕೆಸರನ್ನು ಕರಗಿಸಿ ಫಿಲ್ಟರಿಗೆ ತರುವುದರಿಂದ ಮೊದಮೊದಲು ಫಿಲ್ಟರನ್ನು ಬೇಗ ಬದಲಿಸಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುವ ಗಾಡಿಯ ಟ್ಯಾಂಕ್ ತುಂಬಿಸಿಡಿ. ಅರ್ಧ ಖಾಲಿ ಇದ್ದರೆ ಎಥನಾಲ್ ತೇವ ಹೀರಿ ತಳದಲ್ಲಿ ಬೇರೆಯಾಗಬಹುದು. ಹಳೇ ರಬ್ಬರ್ ಹೋಸನ್ನು ಬೆರಳಲ್ಲಿ ಹಿಂಡಿದಾಗ ಅಂಟಂಟಾಗಿ ಮೆತ್ತಗಿದ್ದರೆ, ಅಥವಾ ಒರೆಸಿದ ಬಟ್ಟೆಗೆ ಕಪ್ಪು ಹತ್ತಿದರೆ, ಎಥನಾಲ್ ತಾಳುವ ಇಂಜೆಕ್ಷನ್ ಹೋಸನ್ನೇ ಕೇಳಿ ತನ್ನಿ. ಕಾರ್ಬ್ಯುರೇಟರಿಗೆ ಮಾರುವ ಸಾದಾ ಹೋಸ್ ಇಂಜೆಕ್ಷನ್ ಲೈನಿನ ಒತ್ತಡಕ್ಕೆ ನಿಲ್ಲುವುದಿಲ್ಲ. ಕ್ಲಿಪ್ಪುಗಳನ್ನೂ ಹೊಸದಾಗಿಯೇ ಹಾಕಿಸಿ.