ಹೆಣ್ಣಿನ ದುಡಿಮೆಯನ್ನು ಅಳೆಯಲು ಹೊರಟಾಗ: ಪ್ರಶ್ನಾವಳಿ, ದಿನಚರಿ, ಸಹವಾಸ

ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಹೆಂಗಸರ ದುಡಿಮೆಯ ಕುರಿತು ಕ್ಷೇತ್ರಕಾರ್ಯ ಮಾಡುವಾಗ ನಾನು ಮೂರು ವಿಧಾನಗಳನ್ನು ಒಂದಾದ ಮೇಲೊಂದರಂತೆ ಬಳಸಿ ನೋಡಿದೆ.

ಪ್ರಶ್ನಾವಳಿಯ ಅನುಕೂಲವೆಂದರೆ ವೇಗ. ಮನೆಯೊಂದಕ್ಕೆ 20 ನಿಮಿಷ ಸಾಕಾಗುತ್ತಿತ್ತು. ಆದರೆ "ನಿಮ್ಮ ಮುಖ್ಯ ಉದ್ಯೋಗ ಯಾವುದು?" ಎಂದು ಕೇಳಿದಾಗ, ಕೊಟ್ಟಿಗೆಯಿಂದ ಎದ್ದುಬಂದ ಹೆಂಗಸೊಬ್ಬರು "ಏನಿಲ್ಲ ಕಣವ್ವ, ಮನೇಲೇ ಇವ್ನಿ" ಎಂದರು. ಅವರ ಕೈಯಲ್ಲಿ ಇನ್ನೂ ಸಗಣಿ ಮೆತ್ತಿಕೊಂಡಿತ್ತು. ನಾನು 'ಗೃಹಿಣಿ' ಎಂಬ ಚೌಕಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ.

ಆಮೇಲೆ, ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಅನುಸರಿಸಿದ ಕ್ರಮದಂತೆ, ಹಿಂದಿನ ದಿನದ ನಸುಕಿನ 4 ಗಂಟೆಯಿಂದ ಆ ದಿನದ ನಸುಕಿನ 4 ಗಂಟೆಯವರೆಗೆ ಅರ್ಧರ್ಧ ಗಂಟೆಗೆ ಏನೇನು ಮಾಡಿದರೆಂದು ಕೇಳಿ ದಿನಚರಿ ಬರೆದುಕೊಂಡೆ. ಆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ ಗಂಡಸರು 97 ನಿಮಿಷವನ್ನೂ ಅದಕ್ಕೆ ವ್ಯಯಿಸಿದ್ದರು. ನನ್ನ ಹಾಳೆಯಲ್ಲಿಯೂ "ಏನಿಲ್ಲ" ಎಂದಿದ್ದವರ ದಿನ ಭರ್ತಿಯಾಯಿತು. ತೊಡಕಿದ್ದದ್ದು ಗಡಿಯಾರದಲ್ಲಿ: ಅವರ ಲೆಕ್ಕವೆಲ್ಲ "ಡೈರಿಗೆ ಹಾಲು ಹಾಕಿ ಬಂದ ಮೇಲೆ" ಎಂಬಂತಹುದು, ಅದನ್ನು ಗಂಟೆಗೆ ಹೊಂದಿಸಿದವಳು ನಾನು, ಆದ್ದರಿಂದ ನಿಮಿಷಗಳ ಖಚಿತತೆಯನ್ನು ಪೂರ್ತಿ ನಂಬಲಾರೆ.

ಕೊನೆಗೆ ಮೂರು ವಾರ ಊರಿನಲ್ಲೇ ಉಳಿದೆ. ಇದು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ, ತಾವೇ ರಾಮಪುರವೆಂದು ಹೆಸರಿಟ್ಟ ಹಳ್ಳಿಯಲ್ಲಿ ಹಿಡಿದ ದಾರಿ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿ ಬಿದ್ದು, ಕ್ಷೇತ್ರಕಾರ್ಯದಿಂದ ಅವರು ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು ಸುಟ್ಟುಹೋದರೂ ಆ ಊರನ್ನು ನೆನಪಿನಿಂದ ಬರೆಯಲು ಅವರಿಗೆ ಸಾಧ್ಯವಾಯಿತು; ನನ್ನ ಪ್ರಶ್ನಾವಳಿಗಳು ಸುಟ್ಟಿದ್ದರೆ ನನ್ನಲ್ಲಿ ಉಳಿಯುತ್ತಿದ್ದದ್ದು ಬಹುಶಃ ಆ ಸಗಣಿಯ ಕೈ ಮಾತ್ರ. ಹಸು ಮೇಯಿಸಿ, ಹಾಲು ಕರೆದು, ಡೈರಿಗೆ ಹೊತ್ತು ಹಾಕುತ್ತಿದ್ದವರು ಆಕೆಯಾದರೂ ಡೈರಿಯ ಪಾಸ್‌ಪುಸ್ತಕ ಗಂಡನ ಹೆಸರಿನಲ್ಲಿತ್ತು ಎಂಬುದು ಜೊತೆಗೆ ಡೈರಿಗೆ ನಡೆದುಹೋದಾಗಲೇ ಕಂಡದ್ದು. ಹಾಲಿನ ಹಣ 'ಅವರ ದುಡ್ಡು' ಎನಿಸಿಕೊಳ್ಳುತ್ತಿದ್ದದ್ದರ ಕಾರಣ ಅಲ್ಲಿತ್ತು. ಆದರೆ ಮೂರು ವಾರದಲ್ಲಿ ನಾನು ಹತ್ತಿರದಿಂದ ಕಂಡದ್ದು ಮೂರೇ ಮನೆ. ಇಡೀ ಊರಿನ ಬಗ್ಗೆ ಅದರಿಂದ ಏನನ್ನೂ ಹೇಳಲಾರೆ. ಹೆಣ್ಣಾದ್ದರಿಂದ ಅಡುಗೆಮನೆಯವರೆಗೆ ಬಿಟ್ಟುಕೊಂಡರೆಂಬುದನ್ನೂ ಮರೆಯುವಂತಿಲ್ಲ.

ಒಂದನ್ನೇ ಆರಿಸಬೇಕೆಂದರೆ ದಿನಚರಿಯನ್ನು ಆರಿಸುತ್ತೇನೆ, ಆದರೆ ಊರಿನಲ್ಲಿ ಒಂದು ವಾರವಾದರೂ ಕಳೆದ ನಂತರ. ಆಗ "ಉದ್ಯೋಗ ಯಾವುದು?" ಎಂಬುದರ ಬದಲು "ನೆನ್ನೆ ಎದ್ದ ತಕ್ಷಣ ಮೊದಲು ಎಲ್ಲಿಗೆ ಹೋದಿರಿ?" ಎಂದು ಕೇಳಲು ಬರುತ್ತದೆ.