ಆಟದ ಮಧ್ಯೆ ಪಿಸಿ ಸತ್ತರೆ: ಎಸ್‌ಎಂಪಿಎಸ್, ಅಂಡರ್‌ವೋಲ್ಟ್, ಪೇಸ್ಟ್, ಡ್ರೈವರ್ – ದುಡ್ಡು ಯಾವುದಕ್ಕೆ?

ಮೊದಲೇ ಹೇಳಿಬಿಡುತ್ತೇನೆ, ಈ ಹೋಲಿಕೆಯಲ್ಲಿ ನನ್ನ ಓಟು ಎಸ್‌ಎಂಪಿಎಸ್‌ಗೆ, ಅಂದರೆ ಪಿಸಿಯ ಭಾಗಗಳಿಗೆಲ್ಲ ಕರೆಂಟು ಹಂಚುವ ಡಬ್ಬಿಗೆ. ಗೇಮ್ ಆಡುವಾಗ ಪಿಸಿ ಕೈಕೊಟ್ಟರೆ ಅಂಗಡಿಯಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: "ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಸಾರ್, ಚೇಂಜ್ ಮಾಡ್ಬಿಡಿ." ಇಪ್ಪತ್ತೈದು ಸಾವಿರದ ಆ ಮಾತಿಗೆ ತಲೆಯಾಡಿಸುವ ಮುಂಚೆ, ಕ್ಯಾಬಿನೆಟ್ಟಿನ ಮೂಲೆಯಲ್ಲಿ ಕೂತಿರುವ ಸಾವಿರದೈನೂರರ ಡಬ್ಬಿಯ ಮೇಲೆ ಅನುಮಾನ ಪಡುವುದು ಒಳ್ಳೆಯದು.

ಇಲ್ಲಿ ಹೋಲಿಸುತ್ತಿರುವುದು ನಾಲ್ಕು ದಾರಿ: ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಪೂರ್ತಿ ಕಿತ್ತು ಹೊಸದಾಗಿ ಹಾಕುವುದು, ಕಾರ್ಡಿನ ವೋಲ್ಟೇಜ್ ಇಳಿಸುವುದು (ಅಂಡರ್‌ವೋಲ್ಟ್), ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಮತ್ತು ಥರ್ಮಲ್ ಪ್ಯಾಡ್ ಬದಲಿಸುವುದು, ಎಸ್‌ಎಂಪಿಎಸ್ ಬದಲಿಸುವುದು. ನಡೆಸಿ ನೋಡಿದ ಮೆಷಿನ್ನಿನಲ್ಲಿ ಇದ್ದದ್ದು ಆರ್‌ಟಿಎಕ್ಸ್ 3060 ಕಾರ್ಡ್, ರೈಜೆನ್ 5 5600 ಪ್ರೊಸೆಸರ್, 600 ವಿಎ ಯುಪಿಎಸ್, ಮತ್ತು ತುಮಕೂರಿನ ಕರೆಂಟು. ಕೊನೆಯದನ್ನೂ ಪಾರ್ಟ್ ಅಂತಲೇ ಲೆಕ್ಕಕ್ಕೆ ಹಿಡಿಯಬೇಕು.

ಕ್ರ್ಯಾಶ್ ಆಗುವ ರೀತಿಯೇ ಅರ್ಧ ಉತ್ತರ. ತೆರೆ ಒಮ್ಮೆ ಮಿನುಗಿ, ಗೇಮ್ ಮುಚ್ಚಿಕೊಂಡು ಡೆಸ್ಕ್‌ಟಾಪ್ ಬಂದರೆ ವಿಂಡೋಸ್‌ನ ಈವೆಂಟ್ ವ್ಯೂವರ್ ತೆಗೆದು 'ಸಿಸ್ಟಮ್' ಲಾಗ್ ನೋಡಿ; 'ಡಿಸ್‌ಪ್ಲೇ' ಮೂಲದ 4101 ಕಂಡರೆ ಡ್ರೈವರ್ ಸ್ಪಂದಿಸದೆ ನಿಂತು ಮತ್ತೆ ಎದ್ದಿದೆ ಎಂದರ್ಥ. ಕಾರ್ಡ್ 2 ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ಡ್ರೈವರನ್ನು ಹೀಗೆ ಎಬ್ಬಿಸುತ್ತದೆ. ನೀಲಿ ತೆರೆ ಬರದೆ ಇಡೀ ಪಿಸಿಯೇ ದಪ್ಪನೆ ರೀಸ್ಟಾರ್ಟ್ ಆಗಿ, ಲಾಗ್‌ನಲ್ಲಿ ಬರೀ ಕರ್ನಲ್-ಪವರ್ 41 ಇದ್ದು ಅದರೊಳಗಿನ ಬಗ್‌ಚೆಕ್ ಕೋಡ್ (ನೀಲಿ ತೆರೆಯ ದೋಷದ ನಂಬರ್) 0 ಎಂದಿದ್ದರೆ ಬೆರಳು ಕರೆಂಟಿನ ಕಡೆ ತಿರುಗಬೇಕು. ಪಿಸಿ ಆಫ್ ಆಗಿ, ಹಿಂದಿನ ಸ್ವಿಚ್ ಒಮ್ಮೆ ಆರಿಸಿ ಹಾಕುವ ತನಕ ಪವರ್ ಬಟನ್ನಿಗೆ ಜಗ್ಗದಿದ್ದರಂತೂ ಎಸ್‌ಎಂಪಿಎಸ್ ಒಳಗಿನ ರಕ್ಷಣೆಯೇ ಬಿದ್ದಿದೆ. ಬಣ್ಣಬಣ್ಣದ ಚೌಕ, ಗೆರೆಗಳು ವಿಂಡೋಸ್ ಶುರುವಾಗುವ ಮುಂಚಿನ ಬಯಾಸ್ ತೆರೆಯಲ್ಲೇ ಕಾಣುತ್ತಿದ್ದರೆ ಮಾತ್ರ ಅಂಗಡಿಯವರು ಹೇಳಿದ್ದು ನಿಜ, ಕಾರ್ಡಿನ ಮೆಮೊರಿ ಹೋಗಿದೆ. ಆಗ ಈ ಬರಹದಿಂದ ಉಪಯೋಗವಿಲ್ಲ.

ದುಡ್ಡಿಲ್ಲದ ಒಂದು ಪರೀಕ್ಷೆ ಎಲ್ಲಕ್ಕಿಂತ ಮೊದಲು. ಕಾರ್ಡಿನ ವೇಗ, ವೋಲ್ಟೇಜ್ ಹೊಂದಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಹಾಕಿ ಪವರ್ ಲಿಮಿಟ್ ಅನ್ನು ಶೇಕಡಾ 70ಕ್ಕೆ ಇಳಿಸಿ, ಕ್ರ್ಯಾಶ್ ಆಗುತ್ತಿದ್ದ ಅದೇ ಗೇಮ್ ಆಡಿ. 170 ವ್ಯಾಟ್ ಎಳೆಯುತ್ತಿದ್ದ 3060 ಆಗ 120ರ ಆಸುಪಾಸಿಗೆ ಇಳಿಯುತ್ತದೆ. ಕ್ರ್ಯಾಶ್ ನಿಲ್ಲದಿದ್ದರೆ ಡ್ರೈವರ್ ಅಥವಾ ರ‍್ಯಾಮ್ ನೋಡಿ. ನಿಂತರೆ ತಪ್ಪು ಎಸ್‌ಎಂಪಿಎಸ್‌ದೋ, ಬಿಸಿಯದೋ, ಚಿಪ್ಪಿನದೋ ಎಂದು ಬೇರೆ ಮಾಡಬೇಕು: ಪವರ್ ಲಿಮಿಟ್ ಮತ್ತೆ 100 ಮಾಡಿ, ಕೋರ್ ಕ್ಲಾಕ್ ಮಾತ್ರ 150 ಮೆಗಾಹರ್ಟ್ಸ್ ಕಡಿಮೆ ಮಾಡಿ ನೋಡಿ. ಅದರಿಂದಲೇ ಸರಿಹೋದರೆ ಕಂಪನಿಯವರು ಕೊಟ್ಟ ವೇಗವನ್ನು ನಿಮ್ಮ ಚಿಪ್ ತಡೆಯುತ್ತಿಲ್ಲ. ತಾಪ ಸರಿಯಿದ್ದೂ ರೀಸ್ಟಾರ್ಟ್ ಮುಂದುವರಿದರೆ ಎಸ್‌ಎಂಪಿಎಸ್.

ಈಗ ಒಂದೊಂದಾಗಿ.

ಡ್ರೈವರ್. ಅಪ್‌ಡೇಟ್ ಆದ ಮರುದಿನದಿಂದ ತೊಂದರೆ ಶುರುವಾಗಿದ್ದರೆ ಮಾತ್ರ ಇದರಿಂದ ಲಾಭ. ಬೇಕಾದ ಡ್ರೈವರ್ ಮೊದಲೇ ಡೌನ್‌ಲೋಡ್ ಮಾಡಿಟ್ಟು, ನೆಟ್ ತೆಗೆದು, ಸೇಫ್ ಮೋಡ್‌ಗೆ ಹೋಗಿ ಡಿಡಿಯು (ಹಳೆ ಡ್ರೈವರ್ ಬೇರುಸಹಿತ ಕೀಳುವ ಸಾಫ್ಟ್‌ವೇರ್) ಓಡಿಸಿ, ರೀಸ್ಟಾರ್ಟ್ ಆದ ಮೇಲೆ ಡ್ರೈವರ್ ಹಾಕಿ, ಆಮೇಲೆ ನೆಟ್ ಕೊಡಿ. ನೆಟ್ ತೆಗೆಯುವುದನ್ನು ಮರೆತರೆ ವಿಂಡೋಸ್ ಅಪ್‌ಡೇಟ್ ಮಧ್ಯೆ ನುಗ್ಗಿ ತನಗೆ ಇಷ್ಟವಾದ ಹಳೆ ಡ್ರೈವರ್ ಹಾಕಿ ಕೂತಿರುತ್ತದೆ. ರಿಜಿಸ್ಟ್ರಿಯಲ್ಲಿ ಆ 2 ಸೆಕೆಂಡನ್ನು 10 ಮಾಡಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಗೇಮ್‌ಗಳಿಗೆ ಅದರಿಂದ ತೆರೆ ಇನ್ನಷ್ಟು ಹೊತ್ತು ಹೆಪ್ಪುಗಟ್ಟುತ್ತದೆ, ಅಷ್ಟೇ.

ಪೇಸ್ಟ್, ಪ್ಯಾಡ್. ತಾಪ ತೋರಿಸುವ ಹೆಚ್‌ಡಬ್ಲ್ಯೂಇನ್‌ಫೋ ಸಾಫ್ಟ್‌ವೇರ್ ತೆಗೆದು ಜಿಪಿಯು (ಕಾರ್ಡಿನ ಚಿಪ್) ತಾಪ ಮತ್ತು ಹಾಟ್ ಸ್ಪಾಟ್ (ಅದರ ಅತಿ ಬಿಸಿ ಜಾಗ) ಎರಡನ್ನೂ ನೋಡಿ. ಎರಡರ ಮಧ್ಯೆ 15 ಡಿಗ್ರಿ ಒಳಗಿದ್ದರೆ ಕಾರ್ಡ್ ಬಿಚ್ಚಬೇಡಿ. 25 ದಾಟಿದ್ದರೆ ಪೇಸ್ಟ್ ಒಣಗಿದೆ ಅಥವಾ ಅಂಚಿಗೆ ಸರಿದಿದೆ, ಆಗ ಬಿಚ್ಚಬಹುದು. ಬಿಚ್ಚಿದರೆ ಪ್ಯಾಡ್ ಹರಿಯುವ ಸಂಭವ ಹೆಚ್ಚು, ಹರಿದ ಪ್ಯಾಡಿನ ದಪ್ಪ 1 ಮಿಲಿಮೀಟರೋ, ಒಂದೂವರೆಯೋ, ಎರಡೋ ಎಂಬುದು ಕಾರ್ಡಿನಿಂದ ಕಾರ್ಡಿಗೆ ಬೇರೆ. ಅರ್ಧ ಮಿಲಿಮೀಟರು ಹೆಚ್ಚಾದರೂ ಹೀಟ್‌ಸಿಂಕ್ ಚಿಪ್ಪಿಗೆ ಸರಿಯಾಗಿ ಕೂರದೆ ಮೊದಲಿಗಿಂತ ಬಿಸಿಯಾಗುತ್ತದೆ. ಸಂದೇಹವಿದ್ದರೆ ಪ್ಯಾಡ್ ಬದಲು ಥರ್ಮಲ್ ಪುಟ್ಟಿ ತರಿಸಿ, ಅದಕ್ಕೆ ದಪ್ಪದ ಲೆಕ್ಕ ಬೇಡ. ನಮ್ಮ ಕಡೆ ಪೇಸ್ಟಿಗಿಂತ ಮೊದಲು ನೋಡಬೇಕಾದದ್ದು ಧೂಳು. ಚಿಕ್ಕಬಳ್ಳಾಪುರದ ಕಡೆ ಕ್ರಷರ್ ಪಕ್ಕದಲ್ಲಿ ಮನೆಯಿದ್ದರಂತೂ ಕೇಳುವುದೇ ಬೇಡ. ಪೇಂಟ್ ಬ್ರಷ್ಷಿನಲ್ಲಿ ರೆಕ್ಕೆಗಳ ಸಂದು ಬಿಡಿಸಿ ಬ್ಲೋವರ್ ಹಿಡಿಯಿರಿ. ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಒತ್ತಿಕೊಳ್ಳಿ, ಇಲ್ಲದಿದ್ದರೆ ಬೇರಿಂಗ್ ಹಾಳು.

ಅಂಡರ್‌ವೋಲ್ಟ್. ಎರಡನೇ ಬಹುಮಾನ ಇದಕ್ಕೆ, ಖರ್ಚು ಸೊನ್ನೆ. ಆಫ್ಟರ್‌ಬರ್ನರ್‌ನಲ್ಲಿ ಕೋರ್ ಕ್ಲಾಕನ್ನು ಮೈನಸ್ 300ರಷ್ಟು ಇಳಿಸಿ ಅಪ್ಲೈ ಮಾಡಿ. ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ಗೆರೆ ತೆರೆಯುತ್ತದೆ. ಅದರಲ್ಲಿ 875 ಮಿಲಿವೋಲ್ಟ್ ಚುಕ್ಕಿಯನ್ನು 1800 ಮೆಗಾಹರ್ಟ್ಸ್‌ಗೆ ಎತ್ತಿ ಮತ್ತೆ ಅಪ್ಲೈ ಮಾಡಿದರೆ, ಅದರ ಬಲಕ್ಕಿರುವ ಗೆರೆಯೆಲ್ಲ ಚಪ್ಪಟೆಯಾಗುತ್ತದೆ. ಅಲ್ಲಿಂದ ಮುಂದೆ ಕಾರ್ಡ್ ವೋಲ್ಟೇಜ್ ಏರಿಸುವುದಿಲ್ಲ. ಸರಿಯಾಗಿ ಓಡಿದರೆ 850ಕ್ಕೆ ಪ್ರಯತ್ನಿಸಿ. ಎಲ್ಲ ಚಿಪ್ಪೂ ಒಂದೇ ತರ ಇರುವುದಿಲ್ಲ, ಬೇರೆಯವರ ನಂಬರ್ ನಿಮಗೆ ಬರೀ ಶುರುವಿನ ಜಾಗ. ನಾಲ್ಕಾರು ದಿನ ಗೇಮ್ ಆಡಿ ಗಟ್ಟಿ ಎನಿಸುವ ತನಕ 'ವಿಂಡೋಸ್ ಜೊತೆ ಶುರು' ಆಯ್ಕೆ ಒತ್ತಬೇಡಿ. ಬೇಸಿಗೆಯಲ್ಲಿ ಮಹಡಿ ಕೋಣೆಯಲ್ಲಿ ಆಡುವವರಿಗೆ ಫ್ಯಾನಿನ ಸದ್ದು ಇಳಿಯುವುದೇ ದೊಡ್ಡ ಲಾಭ. ಆದರೆ ಇದು ಕಾಯಿಲೆ ಮುಚ್ಚುವ ಮದ್ದೂ ಹೌದು: ಸೋತ ಎಸ್‌ಎಂಪಿಎಸ್ ಮೇಲಿನ ಹೊರೆ ಇಳಿಯಿತೇ ಹೊರತು ಅದು ಗುಣವಾಗಲಿಲ್ಲ.

ಈಗ ಎಸ್‌ಎಂಪಿಎಸ್. ಹೊರಗೆ ದೊಡ್ಡದಾಗಿ '500 ವ್ಯಾಟ್' ಎಂದು ಬರೆದಿರುವ ಅಗ್ಗದ ಡಬ್ಬಿಯ ಪಕ್ಕದ ಲೇಬಲ್ ಓದಿ. 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್ ಎಂದಿದ್ದರೆ, ಗುಣಿಸಿದಾಗ ಬರುವುದು 192 ವ್ಯಾಟ್. ಕಾರ್ಡೂ ಪ್ರೊಸೆಸರೂ ಉಣ್ಣುವುದು ಈ ಸಾಲಿನಿಂದಲೇ, 3.3 ಮತ್ತು 5 ವೋಲ್ಟಿನ ಅಂಕಿಗಳನ್ನು ಕೂಡಿಸಿ 500 ಮಾಡಿದರೆ ಗೇಮ್ ಓಡುವುದಿಲ್ಲ. ನಿಯತ್ತಿನ 550 ವ್ಯಾಟ್ ಘಟಕದಲ್ಲಿ ಅದೇ ಸಾಲು 45 ಆಂಪಿಯರ್, ಅಂದರೆ 540 ವ್ಯಾಟ್ ಇರುತ್ತದೆ. 3060ಗೆ ಎನ್‌ವಿಡಿಯಾ ಹೇಳುವುದೂ 550 ವ್ಯಾಟ್ ಎಸ್‌ಎಂಪಿಎಸ್ಸೇ. 170 ವ್ಯಾಟ್ ಕಾರ್ಡಿಗೆ ಅಷ್ಟೇಕೆ ಎಂದರೆ, ಆ 170 ಸರಾಸರಿ. ಮಿಲಿಸೆಕೆಂಡಿಗಿಂತ ಕಡಿಮೆ ಹೊತ್ತು ಕಾರ್ಡ್ ಅದಕ್ಕಿಂತ ಬಹಳ ಮೇಲೆ ಜಿಗಿಯುತ್ತದೆ, ಸೋತ ಎಸ್‌ಎಂಪಿಎಸ್ ಬೀಳುವುದು ಆ ಜಿಗಿತದಲ್ಲೇ. ಅದಕ್ಕೇ ಎಸ್‌ಎಂಪಿಎಸ್‌ಗಳಿಗಿರುವ 2022ರ ಎಟಿಎಕ್ಸ್ 3.0 ನಿಯಮದಲ್ಲಿ ಇಂಥ ಕ್ಷಣಿಕ ಜಿಗಿತ ತಡೆಯುವ ಶರತ್ತು ಸೇರಿಸಿದರು.

ಲೇಬಲ್‌ನ ಇನ್ನೊಂದು ಸಾಲು ನಮಗೆ ಮುಖ್ಯ: ಇನ್‌ಪುಟ್ ವೋಲ್ಟೇಜ್. ಕೆಲವು ಬ್ರಾಂಜ್ (ಕರೆಂಟು ಉಳಿಸುವ ದರ್ಜೆ) ಮಾದರಿಗಳು 200-240 ವೋಲ್ಟ್ ಮಾತ್ರ, ಕೆಲವು 100-240. ಸಂಜೆ ಹೊತ್ತು 180ಕ್ಕೆ ಇಳಿಯುವ ಊರಿನಲ್ಲಿದ್ದರೆ ಎರಡನೆಯದನ್ನೇ ಕೇಳಿ ತಗೊಳ್ಳಿ. ಪಂಪ್‌ಸೆಟ್ ಲೈನಿನ ಪಕ್ಕ ಇರುವ ಶಿರಾ, ಪಾವಗಡ, ಮುಳಬಾಗಿಲು ಕಡೆಯವರಿಗೆ ಇದು ವಿವರಿಸಬೇಕಿಲ್ಲ. ಅದಿದ್ದರೆ ಪಿಸಿಗೆಂದೇ ಸ್ಟೆಬಿಲೈಸರ್ ಬೇಡ.

ನನ್ನ ಮೆಚ್ಚಿನ ದಾರಿಯಲ್ಲಿ ಒಂದು ಮುಳ್ಳಿದೆ. ಅದು ಯುಪಿಎಸ್.

ಹೊಸ ಎಸ್‌ಎಂಪಿಎಸ್ ಹಾಕಿದ ಮೇಲೆ ಗೇಮ್ ಕ್ರ್ಯಾಶ್ ನಿಲ್ಲುತ್ತದೆ, ಆದರೆ ಕರೆಂಟು ಹೋದ ಕ್ಷಣ ಪಿಸಿಯೂ ಹೋಗುತ್ತದೆ. ಹಳೆ ಅಗ್ಗದ ಡಬ್ಬಿ ಇದ್ದಾಗ ಇದೇ ಯುಪಿಎಸ್ ನೆಟ್ಟಗೆ ಹಿಡಿಯುತ್ತಿತ್ತಲ್ಲ ಎಂದು ತಲೆ ಕೆಡುತ್ತದೆ, ಹೊಸದೇ ಕೆಟ್ಟದ್ದು ಎಂದು ವಾಪಸ್ ಕೊಡುವವರೂ ಇದ್ದಾರೆ. ಕಾರಣ ಬೇರೆ. ಮನೆಗೆ ತರುವ 600 ವಿಎ ಯುಪಿಎಸ್ ಬ್ಯಾಟರಿಯಲ್ಲಿ ಓಡುವಾಗ ಕೊಡುವುದು ಸೈನ್ ವೇವ್ ಅಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ. ಅದರ ಮಧ್ಯೆ ವೋಲ್ಟೇಜ್ ಸೊನ್ನೆಯಲ್ಲಿ ನಿಲ್ಲುವ ಖಾಲಿ ಜಾಗವಿದೆ. ಹಳೆ ಡಬ್ಬಿ ಅಲೆಯ ತುದಿಯಲ್ಲಿ ಮಾತ್ರ ಕರೆಂಟು ಹೀರುತ್ತಿತ್ತು, ಖಾಲಿ ಜಾಗ ಅದಕ್ಕೆ ಲೆಕ್ಕಕ್ಕಿಲ್ಲ. ಹೊಸದರಲ್ಲಿರುವ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಅಲೆಯುದ್ದಕ್ಕೂ ಹೀರಬೇಕು. ಖಾಲಿ ಜಾಗ ಸಿಕ್ಕಾಗ ನಷ್ಟ ತುಂಬಲು ಒಮ್ಮೆಲೇ ಜಾಸ್ತಿ ಎಳೆಯುತ್ತದೆ. ಯುಪಿಎಸ್ ಅದನ್ನು ಓವರ್‌ಲೋಡ್ ಎಂದುಕೊಂಡು ಬೀಪ್ ಹೊಡೆದು ಮಲಗುತ್ತದೆ.

ಜೊತೆಗೆ ವ್ಯಾಟ್ ಲೆಕ್ಕ. 600 ವಿಎ ಎಂದರೆ ಸಾಮಾನ್ಯವಾಗಿ 360 ವ್ಯಾಟ್. ಕಾರ್ಡಿಗೆ 170, 5600ಕ್ಕೆ ಪೂರ್ತಿ ಹೊರೆಯಲ್ಲಿ 76, ಬೋರ್ಡ್, ಎಸ್‌ಎಸ್‌ಡಿ, ಫ್ಯಾನಿಗೆ 45 ಹಿಡಿದರೆ 290. ಎಸ್‌ಎಂಪಿಎಸ್ ಒಳಗಿನ ನಷ್ಟ ಸೇರಿ ಗೋಡೆಯಿಂದ 335, ಮೇಲೆ ಮಾನಿಟರಿಗೆ 25. ಎಲ್ಲ ಒಟ್ಟಿಗೆ ಪೂರ್ತಿ ಓಡಿದರೆ ಅಂಚಿಗೆ ಬಂದೇ ಬಿಟ್ಟೆವು, ಎರಡು ವರ್ಷ ಹಳೆಯ ಬ್ಯಾಟರಿಯ ಮಾತು ಇನ್ನೂ ಆಡಿಲ್ಲ.

ದಾರಿ ಮೂರು. ಅಗ್ಗದ್ದು: ಮೇಲೆ ಹೇಳಿದ ಅಂಡರ್‌ವೋಲ್ಟ್ ಹೊಸ ಎಸ್‌ಎಂಪಿಎಸ್ ಜೊತೆಗೂ ಇಟ್ಟುಕೊಳ್ಳುವುದು, ಗೇಮ್‌ನಲ್ಲಿ ಫ್ರೇಮ್ ಲಿಮಿಟ್ 60ಕ್ಕೆ ಕಟ್ಟುವುದು. ನಲವತ್ತು ಐವತ್ತು ವ್ಯಾಟ್ ಇಳಿದರೆ ಎಷ್ಟೋ ಯುಪಿಎಸ್‌ಗಳು ಹಿಡಿದುಕೊಳ್ಳುತ್ತವೆ. ಎರಡನೆಯದು 1000-1100 ವಿಎ ಯುಪಿಎಸ್, 600 ವ್ಯಾಟಿನದು. ಅಲೆ ಅದೇ ಮೆಟ್ಟಿಲಿನದಾದರೂ ಉಸಿರು ಜಾಸ್ತಿ. ಮೂರನೆಯದು, ಮನೆಯಲ್ಲಿ ಈಗಾಗಲೇ ಸೈನ್ ವೇವ್ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು 'ಯುಪಿಎಸ್' ಕಡೆ ತಿರುಗಿಸಿ ನೇರ ಅದರಿಂದಲೇ ಕೊಡುವುದು. ಇನ್ನೊಂದು ಮೋಡ್‌ನಲ್ಲಿ ಬದಲಾವಣೆ ನಿಧಾನ; ಬಲ್ಬು ಮಿನುಗಿ ಸುಮ್ಮನಾಗುತ್ತದೆ, ಪಿಸಿ ರೀಸ್ಟಾರ್ಟ್ ಆಗುತ್ತದೆ. ಎಟಿಎಕ್ಸ್ ನಿಯಮದ ಪ್ರಕಾರ ಕರೆಂಟಿಲ್ಲದೆ ಎಸ್‌ಎಂಪಿಎಸ್ ತಡೆಯಬೇಕಾದ ಹೊತ್ತೇ 16-17 ಮಿಲಿಸೆಕೆಂಡು. ಸ್ಕ್ವೇರ್ ವೇವ್ ಇನ್ವರ್ಟರ್ ಮುಂದೆ ಯುಪಿಎಸ್ ಸಿಕ್ಕಿಸುವ ಸಾಹಸ ಬೇಡ. ಆ ಅಲೆಯನ್ನು ಯುಪಿಎಸ್ ಕರೆಂಟೆಂದೇ ಒಪ್ಪದೆ ಟಕಟಕ ಎನ್ನುತ್ತಾ ತನ್ನ ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತದೆ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತಿದ್ದರೆ ಅರ್ಥಿಂಗ್ ನೋಡಿಸಿ. ನಮ್ಮ ಒಣ ಕೆಂಪು ಮಣ್ಣಿನಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗುತ್ತದೆ, ವಾರಕ್ಕೊಮ್ಮೆ ಬಕೆಟ್ ನೀರು ಸುರಿಯಬೇಕು. ನ್ಯೂಟ್ರಲ್ ಮತ್ತು ಅರ್ಥ್ ಮಧ್ಯೆ ವೋಲ್ಟೇಜ್ ಅಳೆಯುವ ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಜೋಡಿಸುವಾಗ ಎರಡು ಎಚ್ಚರಿಕೆ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್ ಆದರೆ ಹಳೆಯದರ ಕೇಬಲ್ ಹೊಸದಕ್ಕೆ ಎಂದೂ ಹಾಕಬೇಡಿ. ಡಬ್ಬಿಯ ಕಡೆಯ ಪಿನ್ ಜೋಡಣೆಗೆ ನಿಯಮವಿಲ್ಲ, ಪ್ಲಗ್ ಸಲೀಸಾಗಿ ಕೂತು ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು. ಕಾರ್ಡಿಗೆ ಎರಡು 8 ಪಿನ್ ಬೇಕಿದ್ದರೆ ಎರಡು ಬೇರೆ ಕೇಬಲ್ ಎಳೆಯಿರಿ, ಒಂದೇ ಕೇಬಲ್ಲಿನ ತುದಿಯಲ್ಲಿ ಜೋತಾಡುವ ಎರಡನೇ ಪ್ಲಗ್ ಬೇಡ.

ರ‍್ಯಾಮ್ ಬಗ್ಗೆ ಒಂದೇ ಸಾಲು: ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಅದರ ವೇಗ ಏರಿಸುವ ಸೆಟ್ಟಿಂಗ್) ಆಫ್ ಮಾಡಿ ಒಂದು ದಿನ ಆಡಿ ನೋಡಿ. ಇಂಟೆಲ್ 13, 14ನೇ ತಲೆಮಾರಿನ ಐ7, ಐ9 ಇರುವವರಿಗೆ ಇನ್ನೊಂದು ಮಾತು. ಮೆಮೊರಿ ಬೇಕಾದಷ್ಟಿದ್ದೂ ಗೇಮ್ 'ವಿಡಿಯೋ ಮೆಮೊರಿ ಸಾಲದು' ಎಂದು ಮುಚ್ಚಿಕೊಳ್ಳುತ್ತಿದ್ದರೆ ತಪ್ಪು ಪ್ರೊಸೆಸರ್‌ದೇ ಇರಬಹುದು. 2024ರಲ್ಲಿ ಇಂಟೆಲ್ ಇದನ್ನು ಒಪ್ಪಿಕೊಂಡು ಮೈಕ್ರೋಕೋಡ್ (ಬಯಾಸ್ ಅಪ್‌ಡೇಟ್ ಜೊತೆ ಬರುವ ತಿದ್ದುಪಡಿ) ಬಿಡುಗಡೆ ಮಾಡಿತು, ಬಾಕ್ಸ್ ಪ್ರೊಸೆಸರ್‌ಗಳ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಬಯಾಸ್ ಅಪ್‌ಡೇಟ್ ಮಾಡದೆ ಕಾರ್ಡ್ ಬದಲಿಸಿದರೆ ಹೊಸ ಕಾರ್ಡೂ ಅದೇ ದೂರು ಹೇಳುತ್ತದೆ.

ಬಜೆಟ್ ಸೊನ್ನೆ ಇದ್ದರೆ ಅಂಡರ್‌ವೋಲ್ಟ್ ಮಾಡಿ ಸಂಬಳದ ತನಕ ತಳ್ಳಿ. ಐದಾರು ಸಾವಿರ ಇದ್ದರೆ 550 ಅಥವಾ 650 ವ್ಯಾಟಿನ ಐದು ವರ್ಷ ವಾರಂಟಿಯ ಎಸ್‌ಎಂಪಿಎಸ್. ಮುಂದೆ ಕಾರ್ಡ್ ಬದಲಿಸಿದರೂ ಅದು ಉಳಿಯುತ್ತದೆ, ಪೇಸ್ಟಿಗೆ ಹಾಕಿದ ದುಡ್ಡು ಹಳೆ ಕಾರ್ಡಿನ ಜೊತೆ ಹೋಗುತ್ತದೆ. ತುಮಕೂರಿನ ಅಂಗಡಿಯಲ್ಲೇ ಸಿಕ್ಕರೆ ಇನ್ನೂರು ಮುನ್ನೂರು ಹೆಚ್ಚು ಕೊಟ್ಟಾದರೂ ಅಲ್ಲೇ ತಗೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವುದಾದರೆ ಹಳೆ ಡಬ್ಬಿಯ ಲೇಬಲ್‌ದು ಒಂದು ಫೋಟೋ, ಕಾರ್ಡಿನ ಪವರ್ ಪ್ಲಗ್ಗಿನದು ಒಂದು ಫೋಟೋ ಜೊತೆಗಿರಲಿ, ಮತ್ತು ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಅಂಗಡಿ ಮೆಟ್ಟಿಲು ಇಳಿಯಬೇಡಿ.